ಶಾಲೆಯ ಬಾಗಿಲಲ್ಲೇ ಪೌರನೀತಿಯ ಮೊದಲ ಪಾಠ

1856ರ ಜೂನ್ ತಿಂಗಳು. ಧಾರವಾಡದ ಸರ್ಕಾರಿ ಶಾಲೆಗೆ ಹುಡುಗನೊಬ್ಬ ಪ್ರವೇಶ ಕೇಳಿದ. ಶಾಲೆ ಸರ್ಕಾರದ್ದು; ಅದು ನಡೆಯುತ್ತಿದ್ದುದು ಜನ ತೆತ್ತ ತೆರಿಗೆಯ ಹಣದಿಂದ. ವಿದ್ಯೆ ಜನಸಾಮಾನ್ಯರಿಗೂ ತಲುಪಬೇಕು ಎಂದು ಸಾರಿದ ಚಾರ್ಲ್ಸ್ ವುಡ್ ಅವರ ಪ್ರಸಿದ್ಧ ಶಿಕ್ಷಣ ನಿರೂಪ ಬಂದು ಎರಡು ವರ್ಷವಾಗಿತ್ತಷ್ಟೆ. ಆದರೂ ಹುಡುಗನಿಗೆ ಶಾಲೆಯ ಬಾಗಿಲು ತೆರೆಯಲಿಲ್ಲ. ಅವನು ಮಹಾರ್ ಜಾತಿಯವನು ಎಂಬುದೊಂದೇ ಕಾರಣ.

ಧಾರವಾಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ವಿಷಯ ಮುಂಬಯಿ ಸರ್ಕಾರದವರೆಗೆ ಹೋಯಿತು. ಜುಲೈ 21ರಂದು ಸರ್ಕಾರ ಒಂದು ಠರಾವು ಹೊರಡಿಸಿತು. ನ್ಯಾಯ ಹುಡುಗನ ಕಡೆಗಿದೆ ಎಂದು ಅದು ಒಪ್ಪಿಕೊಂಡಿತು. ಆದರೆ ಒಬ್ಬಿಬ್ಬರಿಗಾಗಿ ತಲೆತಲಾಂತರದ ಪೂರ್ವಗ್ರಹವನ್ನು ಒಮ್ಮೆಗೇ ಕೆಣಕಿದರೆ ಶಿಕ್ಷಣದ ಕೆಲಸಕ್ಕೇ ಧಕ್ಕೆಯಾದೀತು ಎಂದು ಹೇಳಿ ಕೈಚೆಲ್ಲಿತು. ಮುಂದಿನ ವರ್ಷದ ಜನವರಿಯಲ್ಲಿ ಭಾರತ ಸರ್ಕಾರ ತನ್ನ ಅಭಿಪ್ರಾಯ ತಿಳಿಸಿತು. ಮುಂಬಯಿಯವರು ಜಾಣತನದಿಂದಲೇ ನಡೆದುಕೊಂಡಿರಬಹುದು, ಆದರೆ ಬಂಗಾಳ ಪ್ರಾಂತದ ಯಾವ ಸರ್ಕಾರಿ ಶಾಲೆಯೂ ಈ ಹುಡುಗನನ್ನು ಹೊರಗೆ ನಿಲ್ಲಿಸುತ್ತಿರಲಿಲ್ಲ ಎಂಬುದು ಅದರ ಮಾತಿನ ಸಾರ. ಕೊನೆಗೆ 1858ರಲ್ಲಿ ಲಂಡನ್ನಿನಲ್ಲಿದ್ದ ಕಂಪನಿಯ ನಿರ್ದೇಶಕರು ಸರ್ಕಾರಿ ವಿದ್ಯಾಸಂಸ್ಥೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಎಂಬ ತತ್ವವನ್ನು ಎತ್ತಿಹಿಡಿದರು. ಪೂರ್ತಿ ಸರ್ಕಾರದ ಖರ್ಚಿನಲ್ಲಿ ನಡೆಯುವ ಶಾಲೆಗಳಲ್ಲಿ ಭೇದವಿಲ್ಲ ಎಂದು ಮುಂಬಯಿ ಸರ್ಕಾರವೂ ಪ್ರಕಟಿಸಬೇಕಾಯಿತು.

ತತ್ವ ಕಾಗದದ ಮೇಲೆ ಗೆದ್ದಿತು. ಶಾಲೆಗಳಲ್ಲಿ ಅದು ಗೆಲ್ಲಲು ಎಷ್ಟು ಕಾಲ ಬೇಕಾಯಿತು ಎಂಬುದು ಬೇರೆಯೇ ಕಥೆ. ಎಪ್ಪತ್ತು ವರ್ಷಗಳ ನಂತರ, 1928ರಲ್ಲಿ, ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಧಾರವಾಡದ ಇದೇ ಪ್ರಕರಣವನ್ನು ಎತ್ತಿ ತೋರಿಸಬೇಕಾಗಿ ಬಂತು.

ಮಕ್ಕಳನ್ನು ಒಳ್ಳೆಯ ಪ್ರಜೆಗಳನ್ನಾಗಿ ಮಾಡುವುದು ಶಾಲೆಯ ಕೆಲಸ ಎಂಬ ಮಾತು ಇಂದು ಎಲ್ಲರ ಬಾಯಲ್ಲೂ ಇದೆ. ಅದಕ್ಕಾಗಿ ಒಂದು ಪಾಠಪುಸ್ತಕ ಸಾಕೇ, ಅಥವಾ ಎಲ್ಲ ವಿಷಯಗಳಲ್ಲೂ ಅದು ಬೆರೆತಿರಬೇಕೇ ಎಂಬ ಚರ್ಚೆಯೂ ಹಳೆಯದೇ. ಧಾರವಾಡದ ಹುಡುಗನ ಕಥೆ ಈ ಚರ್ಚೆಗೆ ಇನ್ನೊಂದು ಪ್ರಶ್ನೆಯನ್ನು ಸೇರಿಸುತ್ತದೆ. ಪುಸ್ತಕ ಏನನ್ನೇ ಹೇಳಲಿ, ಶಾಲೆ ತಾನೇ ನಡೆದುಕೊಳ್ಳುವ ರೀತಿಯಿಂದ ಮಕ್ಕಳು ಕಲಿಯುವುದೇನು?

ನಿಷ್ಠೆಯ ಪಾಠ

ನಮ್ಮ ಶಾಲೆಗಳಿಗೆ ಪೌರನೀತಿ ಬಂದದ್ದು ಪ್ರಜಾಪ್ರಭುತ್ವದ ಜೊತೆಗಲ್ಲ, ಅದಕ್ಕಿಂತ ಬಹಳ ಮೊದಲು. 1882ರ ಹಂಟರ್ ಆಯೋಗ ಕಾಲೇಜುಗಳಲ್ಲಿ ಮನುಷ್ಯನ ಮತ್ತು ಪೌರನ ಕರ್ತವ್ಯಗಳನ್ನು ಕುರಿತು ಪ್ರತಿ ವರ್ಷ ಉಪನ್ಯಾಸಮಾಲೆ ನಡೆಸಬೇಕೆಂದು ಶಿಫಾರಸು ಮಾಡಿತು. ನೀತಿಪಾಠದ ಪುಸ್ತಕವೊಂದು ಬೇಕೆಂದೂ ಹೇಳಿತು. ಆಯೋಗದ ಸದಸ್ಯರಾಗಿದ್ದ ಕಾಶೀನಾಥ ತ್ರ್ಯಂಬಕ ತೆಲಂಗರು ಇದನ್ನು ಒಪ್ಪದೆ ಭಿನ್ನಾಭಿಪ್ರಾಯ ಬರೆದರು. ನೀತಿಯನ್ನು ಪುಸ್ತಕದಿಂದ ಕಲಿಸಬಹುದೇ ಎಂಬ ಸಂಶಯ ಅಂದಿನಿಂದಲೇ ಇತ್ತೆಂಬುದಕ್ಕೆ ಇದೊಂದು ಸಾಕ್ಷಿ.

1897ರಲ್ಲಿ 'ದಿ ಸಿಟಿಜನ್ ಆಫ್ ಇಂಡಿಯಾ' ಎಂಬ ಶಾಲಾ ಪುಸ್ತಕ ಹೊರಬಂತು. ಬರೆದವರು ಸರ್ ವಿಲಿಯಂ ಲೀ-ವಾರ್ನರ್. ಮುಂಬಯಿ ಪ್ರಾಂತದಲ್ಲಿ ದೀರ್ಘಕಾಲ ಅಧಿಕಾರಿಯಾಗಿದ್ದ ಇವರು 1895ರಲ್ಲಿ ಮೈಸೂರಿನ ರೆಸಿಡೆಂಟರೂ ಆಗಿದ್ದವರು. ಹಳ್ಳಿ, ಪಟ್ಟಣ, ಜಿಲ್ಲೆ, ಪ್ರಾಂತ ಎಂದು ಮೆಟ್ಟಿಲು ಮೆಟ್ಟಿಲಾಗಿ ಆಡಳಿತವನ್ನು ಪರಿಚಯಿಸುವ ಈ ಪುಸ್ತಕದ ಒಟ್ಟು ಧ್ವನಿ ಒಂದೇ: ಬ್ರಿಟಿಷ್ ಆಳ್ವಿಕೆಯಿಂದ ದೇಶಕ್ಕೆ ಶಾಂತಿ, ಕಾನೂನು, ಅಭಿವೃದ್ಧಿ ಬಂದಿದೆ, ಪ್ರಜೆಗಳು ಅದನ್ನು ಅರಿತು ನಡೆಯಬೇಕು.

ಆ ವರ್ಷವನ್ನು ಗಮನಿಸಬೇಕು. ಪ್ಲೇಗ್ ಹಾವಳಿಯ ಕಾಲದ ಸರ್ಕಾರಿ ಬಿಗಿಕ್ರಮಗಳಿಂದ ಜನ ರೊಚ್ಚಿಗೆದ್ದಿದ್ದರು. ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಹತ್ಯೆ ನಡೆದದ್ದು, ಬಾಲಗಂಗಾಧರ ತಿಲಕರಿಗೆ ರಾಜದ್ರೋಹದ ಆಪಾದನೆಯ ಮೇಲೆ ಶಿಕ್ಷೆಯಾದದ್ದು ಅದೇ 1897ರಲ್ಲಿ. ಸರ್ಕಾರದ ಮೇಲಿನ ಜನರ ನಂಬಿಕೆ ಅಲುಗುತ್ತಿದ್ದ ಕಾಲದಲ್ಲೇ ಶಾಲೆಯ ಮಕ್ಕಳಿಗೆ ನಿಷ್ಠೆಯ ಪಾಠ ಸಿದ್ಧವಾಯಿತು. ಅಂದಿನ ಪಾಠದ 'ಪೌರ' ಪ್ರಶ್ನೆ ಕೇಳುವವನಲ್ಲ, ಹೇಳಿದ್ದನ್ನು ಕೇಳುವವನು.

ಪುಸ್ತಕದ ಹೊರಗೂ ಇದೇ ಧೋರಣೆ ಇತ್ತು. ಶಿಸ್ತು, ಸೇವೆ, ಸಹಬಾಳ್ವೆಗಳನ್ನು ಕಲಿಸುವ ಸ್ಕೌಟ್ ಚಳವಳಿ ಭಾರತದಲ್ಲಿ ಮೊದಲು ಕಾಲಿಟ್ಟಿದ್ದು 1909ರಲ್ಲಿ, ಬೆಂಗಳೂರಿನಲ್ಲಿ. ಕ್ಯಾಪ್ಟನ್ ಬೇಕರ್ ಎಂಬ ಅಧಿಕಾರಿ ಕಟ್ಟಿದ ಆ ಮೊದಲ ದಳ ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗಷ್ಟೇ ಮೀಸಲಾಗಿತ್ತು. ಭಾರತೀಯ ಹುಡುಗರಿಗೂ ಸ್ಕೌಟ್ ಸಮವಸ್ತ್ರ ಸಿಗಲು ಆನಿ ಬೆಸೆಂಟರಂಥವರು ಬೇರೆ ಸಂಘಟನೆಯನ್ನೇ ಕಟ್ಟಬೇಕಾಯಿತು. ಸ್ಕೌಟ್ ಕವಲುಗಳು ಒಂದಾಗಿ 'ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್' ಎನಿಸಿದ್ದು 1950ರ ನವೆಂಬರ್ 7ರಂದು, ಸಂವಿಧಾನ ಜಾರಿಗೆ ಬಂದ ವರ್ಷದಲ್ಲಿ.

ಗೋಣಿತಟ್ಟು ಮತ್ತು ನೀರಿನ ನಲ್ಲಿ

ಇತ್ತ ಶಾಲೆಯ ಒಳಗೆ ಏನು ನಡೆಯುತ್ತಿತ್ತು? ಸಾತಾರೆಯ ಶಾಲೆಯಲ್ಲಿ ಓದಿದ ಅಂಬೇಡ್ಕರರೇ ಅದನ್ನು ಬರೆದಿದ್ದಾರೆ. ತರಗತಿಯ ಮೂಲೆಯಲ್ಲಿ ಕೂರಲು ಅವರಿಗೆ ಬೇರೆ ಗೋಣಿತಟ್ಟು. ಶಾಲೆ ಗುಡಿಸುವ ಆಳು ಅದನ್ನು ಮುಟ್ಟುತ್ತಿರಲಿಲ್ಲ. ಆದ್ದರಿಂದ ದಿನವೂ ಮನೆಗೆ ಒಯ್ದು ಮರುದಿನ ತರಬೇಕು. ಬಾಯಾರಿದರೆ ನಲ್ಲಿ ತಿರುಗಿಸುವಂತಿಲ್ಲ, ಜವಾನ ಬಂದು ನೀರು ಬಿಡಬೇಕು. ಜವಾನ ಇಲ್ಲದ ದಿನ ನೀರೂ ಇಲ್ಲ.

ಆ ತರಗತಿಯಲ್ಲಿದ್ದ ಉಳಿದ ಮಕ್ಕಳೂ ಒಂದು ಪಾಠ ಕಲಿಯುತ್ತಿದ್ದರು ಎಂಬುದನ್ನು ಮರೆಯಬಾರದು. ಅದಕ್ಕೆ ಪುಸ್ತಕ ಇರಲಿಲ್ಲ, ಪರೀಕ್ಷೆಯೂ ಇರಲಿಲ್ಲ. ಆದರೆ ದಿನವೂ ಕಣ್ಣೆದುರು ನಡೆಯುತ್ತಿದ್ದುದರಿಂದ ಅದು ಬೇರೆಲ್ಲ ಪಾಠಗಳಿಗಿಂತ ಗಟ್ಟಿಯಾಗಿ ಮನಸ್ಸಿನಲ್ಲಿ ಕೂರುತ್ತಿತ್ತು.

ಈ ಬಗೆಯ ಶಾಲೆಗೆ ಪರ್ಯಾಯ ಹುಡುಕಿದವರೂ ಇದ್ದರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲೇ ದಲಿತ ಮಕ್ಕಳಿಗೆ ಶಾಲೆ ತೆರೆದರು. ಸ್ವಜಾತಿಯವರ ಬಹಿಷ್ಕಾರ ಎದುರಿಸಿಯೂ ಅವರು ಹಿಂಜರಿಯಲಿಲ್ಲ. ಆದರೆ ಹೊರಗಿಟ್ಟವರಿಗೆ ಬೇರೆ ಶಾಲೆ ಕಟ್ಟುವುದು ಒಂದು ಹೆಜ್ಜೆ, ಎಲ್ಲರನ್ನೂ ಒಂದೇ ಶಾಲೆಯಲ್ಲಿ ಕೂರಿಸುವುದು ಇನ್ನೊಂದು ಹೆಜ್ಜೆ.

ತಕಲಿಯ ಜೊತೆ ಸಮಾಜ

ಪೌರತ್ವ ಒಂದು ಪಾಠವಲ್ಲ, ಇಡೀ ಶಾಲೆಯ ಬದುಕು ಎಂದು ಸ್ಪಷ್ಟವಾಗಿ ಹೇಳಿದ ದೊಡ್ಡ ಪ್ರಯತ್ನ ಗಾಂಧೀಜಿಯವರ 'ನಯೀ ತಾಲೀಮ್'. 1937ರ ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನ ಇದರ ಮೂಲ. ಸಮ್ಮೇಳನ ನೇಮಿಸಿದ ಸಮಿತಿಗೆ ಡಾ. ಜಾಕಿರ್ ಹುಸೇನ್ ಅಧ್ಯಕ್ಷರು. ಮುಂದೆ ಅವರು ದೇಶದ ರಾಷ್ಟ್ರಪತಿಯಾದದ್ದು ತಿಳಿದೇ ಇದೆ.

ಏಳು ವರ್ಷದ ಉಚಿತ, ಕಡ್ಡಾಯ ಶಿಕ್ಷಣ, ಮಾತೃಭಾಷೆಯಲ್ಲಿ ಬೋಧನೆ, ಒಂದು ಕೈಕಸುಬಿನ ಸುತ್ತ ಉಳಿದೆಲ್ಲ ಕಲಿಕೆ. ಯೋಜನೆಯ ತಿರುಳು ಇಷ್ಟು. ನೂಲುವ ಮಗು ಎಳೆ ಎಣಿಸುತ್ತ ಲೆಕ್ಕ ಕಲಿಯುತ್ತದೆ. ಹತ್ತಿ ಬೆಳೆಯುವ ನೆಲದ ಮಾತು ಬಂದಾಗ ಭೂಗೋಳ, ಗಿರಣಿ ಬಟ್ಟೆ ಬಂದು ನೇಕಾರರ ಬದುಕು ಕೆಟ್ಟ ಕಥೆ ಬಂದಾಗ ಚರಿತ್ರೆ. ಚರಿತ್ರೆ, ಭೂಗೋಳ, ಪೌರನೀತಿಗಳನ್ನು ಬೇರೆ ಬೇರೆ ಡಬ್ಬಗಳಲ್ಲಿ ಇಡದೆ 'ಸಮಾಜ ಅಧ್ಯಯನ' ಎಂದು ಒಂದುಗೂಡಿಸಬೇಕೆಂದು ಸಮಿತಿ ಹೇಳಿತು. ಯೋಜನೆಯ ಹಿಂದಿರುವ ಪೌರತ್ವದ ಆದರ್ಶವನ್ನು ವಿವರಿಸಲೆಂದೇ ವರದಿಯಲ್ಲಿ ಒಂದು ಭಾಗ ಮೀಸಲಾಗಿತ್ತು. ಕಸುಬಿನಿಂದ ಬರುವ ಆದಾಯದ ಮೇಲೆಯೇ ಕಣ್ಣಿಟ್ಟು ಮಕ್ಕಳ ಕಲಿಕೆಯನ್ನು ಮರೆಯುವ ಅಪಾಯವಿದೆ ಎಂದು ಸಮಿತಿ ಮುಂಚಿತವಾಗಿಯೇ ಎಚ್ಚರಿಸಿತ್ತು.

ಸೇವಾಗ್ರಾಮದ ಶಾಲೆಯಲ್ಲಿ ಆರ್ಯನಾಯಕಂ ಮತ್ತು ಆಶಾದೇವಿ ದಂಪತಿಗಳು ಇದನ್ನು ಆಚರಣೆಗೆ ತಂದರು. ಮಕ್ಕಳೇ ಅಡುಗೆ ಮಾಡಿದರು, ಮಕ್ಕಳೇ ಕಸ ಗುಡಿಸಿದರು, ಪಾಯಿಖಾನೆಯನ್ನೂ ಶುಚಿಮಾಡಿದರು. ಕೆಲಸ ಹಂಚಿಕೊಳ್ಳಲು ಸಭೆ ಸೇರಿ ತಮ್ಮ 'ಮಂತ್ರಿ'ಗಳನ್ನು ತಾವೇ ಆರಿಸಿಕೊಂಡರು. ಇಂದು ನಮ್ಮ ಶಾಲೆಗಳಲ್ಲಿ ಕಾಣುವ 'ಶಾಲಾ ಸಂಸತ್ತಿ'ಗೆ ಇದೊಂದು ಹಳೆಯ ಮಾದರಿ. ವ್ಯತ್ಯಾಸವೇನೆಂದರೆ, ಅಲ್ಲಿನ ಆಹಾರ ಮಂತ್ರಿ ತಪ್ಪಿದರೆ ಮಧ್ಯಾಹ್ನ ಎಲ್ಲರೂ ಉಪವಾಸ!

ಪಾಯಿಖಾನೆ ತೊಳೆಯುವ ಕೆಲಸ ಕೆಲವೇ ಜಾತಿಗಳ ಹಣೆಬರಹ ಎಂದು ನಂಬಿದ್ದ ಸಮಾಜದಲ್ಲಿ, ಎಲ್ಲ ಜಾತಿಯ ಮಕ್ಕಳ ಕೈಗೂ ಪೊರಕೆ ಬಂದದ್ದು ಯಾವ ಪೌರನೀತಿಯ ಪಾಠಕ್ಕೂ ಕಡಿಮೆಯಲ್ಲ.

ಆದರೆ ಈ ಪ್ರಯೋಗ ದೇಶದಲ್ಲಿ ಬೇರೂರಲಿಲ್ಲ. ಊರಿನ ಉಳ್ಳವರು ಮೂಲ ಶಿಕ್ಷಣವನ್ನು ಹೊಗಳಿದರು, ತಮ್ಮ ಮಕ್ಕಳನ್ನು ಮಾತ್ರ ಬೇರೆ ಶಾಲೆಗೆ ಕಳಿಸಿದರು. ತಕಲಿ ವಾರಕ್ಕೊಂದು ಪಿರಿಯಡ್ ಆಯಿತು. ಅದೇ ವಿಚಾರ 1970ರ ದಶಕದ ಕೊನೆಗೆ 'ಸಮಾಜೋಪಯೋಗಿ ಉತ್ಪಾದಕ ಕಾರ್ಯ' ಎಂಬ ಉದ್ದನೆಯ ಹೆಸರಿನಲ್ಲಿ ಮತ್ತೆ ಬಂತು. ಅನೇಕ ಕಡೆ ಅದು ಅಂಕಪಟ್ಟಿಯ ಒಂದು ಸಾಲಾಗಿ ಉಳಿಯಿತು.

ಉರು ಹೊಡೆದ ಪ್ರಜಾಪ್ರಭುತ್ವ

ಸ್ವಾತಂತ್ರ್ಯಾನಂತರದ ಆಯೋಗಗಳ ಮಾತುಗಳಲ್ಲಿ ಕೊರತೆ ಇರಲಿಲ್ಲ. ಡಾ. ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗ (1952-53) ಪ್ರಜಾಪ್ರಭುತ್ವಕ್ಕೆ ತಕ್ಕ ಪೌರರನ್ನು ರೂಪಿಸುವುದೇ ಶಿಕ್ಷಣದ ಮುಖ್ಯ ಗುರಿಗಳಲ್ಲೊಂದು ಎಂದಿತು. ಡಾ. ಡಿ.ಎಸ್. ಕೊಠಾರಿ ಆಯೋಗ (1964-66) ಇನ್ನೂ ಮುಂದೆ ಹೋಗಿ, ಶ್ರೀಮಂತರ ಮಕ್ಕಳೂ ಬಡವರ ಮಕ್ಕಳೂ ಒಂದೇ ನೆರೆಹೊರೆಯ ಶಾಲೆಯಲ್ಲಿ ಕೂಡಿ ಕಲಿಯುವ ಸಾಮಾನ್ಯ ಶಾಲಾ ವ್ಯವಸ್ಥೆಯನ್ನು ಸೂಚಿಸಿತು. ಆಯೋಗದ ಶಿಫಾರಸುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಲ್ಪಟ್ಟದ್ದು ಬಹುಶಃ ಇದೇ.

ತರಗತಿಯಲ್ಲಿ ಪೌರನೀತಿ ಚರಿತ್ರೆ, ಭೂಗೋಳಗಳ ಬಾಲಂಗೋಚಿಯಾಯಿತು. ರಾಷ್ಟ್ರಪತಿಯಾಗಲು ಎಷ್ಟು ವಯಸ್ಸಾಗಿರಬೇಕು? ಗ್ರಾಮ ಪಂಚಾಯಿತಿಯ ಐದು ಕಾರ್ಯಗಳನ್ನು ಪಟ್ಟಿಮಾಡಿ. ಈ ಪ್ರಶ್ನೆಗಳಿಗೆ ಉತ್ತರ ಉರು ಹೊಡೆದು ಪೂರ್ತಿ ಅಂಕ ಗಳಿಸಿದವರು ಲಕ್ಷಾಂತರ ಮಂದಿ. ಕುಡಿಯುವ ನೀರು ಒದಗಿಸುವುದು ಪಂಚಾಯಿತಿಯ ಕೆಲಸ ಎಂದು ಬರೆಯುತ್ತಿದ್ದ ಹುಡುಗಿ, ತಾನೇ ಬೆಳಿಗ್ಗೆ ಎರಡು ಮೈಲಿ ನಡೆದು ಕೊಡ ತುಂಬಿ ತಂದಿದ್ದರೆ, ಆ ಪಾಠ ಅವಳಿಗೆ ಹೇಗೆ ಕಂಡಿದ್ದೀತು? ಪುಸ್ತಕದಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತಿತ್ತು. ಯಾಕೆ ನಡೆಯುತ್ತಿಲ್ಲ ಎಂದು ಕೇಳಲು ಅಲ್ಲಿ ಜಾಗವಿರಲಿಲ್ಲ.

1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿ ಮೂಲಭೂತ ಕರ್ತವ್ಯಗಳನ್ನು ಸೇರಿಸಿತು. ಪಠ್ಯಪುಸ್ತಕಗಳಿಗೆ ಇನ್ನೊಂದು ಪಟ್ಟಿ ಸಿಕ್ಕಿತು.

ಸುಮ್ಮನೆ ನಿಂತ ಮೂವರು ಮಕ್ಕಳು

ಪೌರತ್ವ ಎಂದರೇನು ಎಂಬ ಪ್ರಶ್ನೆ ಒಮ್ಮೆ ಶಾಲೆಯ ಪ್ರಾರ್ಥನಾ ಸಾಲಿನಿಂದ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಯಿತು. ಕೇರಳದ ಶಾಲೆಯೊಂದರಲ್ಲಿ ಯೆಹೋವನ ಸಾಕ್ಷಿಗಳು ಪಂಥಕ್ಕೆ ಸೇರಿದ ಒಂದೇ ಮನೆಯ ಮೂವರು ಮಕ್ಕಳಿದ್ದರು. ರಾಷ್ಟ್ರಗೀತೆಯ ಹೊತ್ತಿಗೆ ಅವರು ಎಲ್ಲರೊಡನೆ ಎದ್ದು ಗೌರವದಿಂದ ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ತಮ್ಮ ನಂಬಿಕೆ ಅದನ್ನು ಒಪ್ಪುವುದಿಲ್ಲ ಎಂಬುದು ಅವರ ನಿಲುವು. 1985ರ ಜುಲೈನಲ್ಲಿ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ಹೈಕೋರ್ಟ್ ಅದನ್ನು ಸರಿ ಎಂದಿತು.

1986ರ ಆಗಸ್ಟ್ 11ರಂದು ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಅವರ ಪೀಠ ಈ ತೀರ್ಪನ್ನು ರದ್ದುಮಾಡಿ ಮಕ್ಕಳನ್ನು ಶಾಲೆಗೆ ಮರಳಿ ಸೇರಿಸಿಕೊಳ್ಳಬೇಕೆಂದು ಆದೇಶಿಸಿತು. ಎದ್ದು ನಿಂತರೆ ಗೌರವ ಸಲ್ಲುತ್ತದೆ. ಹಾಡಲೇಬೇಕೆಂದು ಯಾವ ಕಾನೂನೂ ಹೇಳಿಲ್ಲ. ನಮ್ಮ ಪರಂಪರೆಯೂ ಸಂವಿಧಾನವೂ ಸಹನೆಯನ್ನು ಕಲಿಸುತ್ತವೆ, ಅದನ್ನು ತೆಳುವಾಗಿಸಬಾರದು ಎಂಬುದು ತೀರ್ಪಿನ ಭಾವ. ಮಕ್ಕಳಿಗೆ ಶಾಲೆ ಕಲಿಸಬೇಕಾಗಿದ್ದ ಪಾಠವನ್ನು ಅಂದು ನ್ಯಾಯಾಲಯ ಶಾಲೆಗೇ ಕಲಿಸಿತು ಎನ್ನಲಡ್ಡಿಯಿಲ್ಲ.

ಎಲ್ಲರ ವಿಷಯ, ಯಾರದೂ ಅಲ್ಲದ ವಿಷಯ

ಪ್ರೊ. ಯಶಪಾಲ್ ಮಾರ್ಗದರ್ಶನದಲ್ಲಿ ರೂಪುಗೊಂಡ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಈ ಹಳೆಯ ಪೌರನೀತಿಗೆ ಬೀಳ್ಕೊಡುಗೆ ಹೇಳಿತು. ಅದರ ಸಮಾಜ ವಿಜ್ಞಾನ ತಂಡ ಪೌರನೀತಿಯ ವಸಾಹತುಶಾಹಿ ಹುಟ್ಟನ್ನು ನೆನಪಿಸಿ, ವಿಧೇಯತೆಯ ಪಾಠದ ಬದಲು ರಾಜಕೀಯ ತಿಳಿವಳಿಕೆ ಬೇಕೆಂದಿತು. ಶಾಂತಿ, ಸಮಾನತೆ, ಇತರರ ಬಗೆಗಿನ ಗೌರವ ಎಲ್ಲ ವಿಷಯಗಳಲ್ಲೂ ಬೆರೆಯಬೇಕೆಂದು ಚೌಕಟ್ಟು ಸೂಚಿಸಿತು.

ಇದರ ಫಲವಾಗಿ ಎನ್‌ಸಿಇಆರ್‌ಟಿ ಆರರಿಂದ ಎಂಟನೇ ತರಗತಿಗಳಿಗೆ 'ಸಾಮಾಜಿಕ ಮತ್ತು ರಾಜಕೀಯ ಜೀವನ' ಎಂಬ ಹೊಸ ಪುಸ್ತಕಗಳನ್ನು ತಂದಿತು. ಆರನೇ ತರಗತಿಯ ಪುಸ್ತಕದಲ್ಲಿ, 1901ರಲ್ಲಿ ಕೋರೆಗಾಂವ್‌ಗೆ ಹೊರಟ ಬಾಲಕ ಅಂಬೇಡ್ಕರರಿಗೆ ದಾರಿಯಲ್ಲಾದ ಅವಮಾನದ ಪ್ರಸಂಗವಿತ್ತು. ಏಳನೆಯದರಲ್ಲಿ, ಮತ ಹಾಕುವ ಸಾಲಿನಲ್ಲಿ ಎಲ್ಲರಿಗೂ ಸಮಳಾಗಿ ನಿಂತು, ಮನೆಗೆಲಸಕ್ಕೆ ಹೋದಾಗ ಅದೇ ಸಮಾನತೆ ಕಾಣದೆ ಯೋಚಿಸುವ ಕಾಂತಾ ಎಂಬ ಹೆಂಗಸು ಇದ್ದಳು. ಲೇಖಕ ಓಂಪ್ರಕಾಶ್ ವಾಲ್ಮೀಕಿಯವರನ್ನು ಬಾಲ್ಯದಲ್ಲಿ ಶಾಲೆಯ ಅಂಗಳ ಗುಡಿಸಲು ಹಚ್ಚಿದ ಘಟನೆಯೂ ಅಲ್ಲಿತ್ತು. ಪುಸ್ತಕ ಮೊದಲ ಬಾರಿಗೆ ಶಾಲೆಯನ್ನೇ ಪ್ರಶ್ನಿಸಿತು. 2024 ಮತ್ತು 2025ರಲ್ಲಿ ಈ ಪುಸ್ತಕಗಳ ಜಾಗಕ್ಕೆ ಬೇರೆ ಪುಸ್ತಕಗಳು ಬಂದಿವೆ.

'ಎಲ್ಲ ವಿಷಯಗಳಲ್ಲೂ ಬೆರೆಸಿ' ಎಂಬ ಮಾತಿಗೂ ತನ್ನದೇ ತೊಡಕಿದೆ. ನಮಗೆ ಪೌರನೀತಿ ಕಲಿಸಿದ ಇಂಗ್ಲೆಂಡಿನ ಅನುಭವ ಇಲ್ಲಿ ನೆನೆಯುವಂಥದು. 1990ರಲ್ಲಿ ಅಲ್ಲಿ ಪೌರತ್ವವನ್ನು ಎಲ್ಲ ವಿಷಯಗಳಲ್ಲೂ ಹಾದುಹೋಗುವ ಐದು ಆಶಯಗಳಲ್ಲಿ ಒಂದೆಂದು ಹೆಸರಿಸಲಾಯಿತು. ಅದು ಕಡ್ಡಾಯವಾಗಿರಲಿಲ್ಲ. ಗಣಿತದವರು ಇತಿಹಾಸದವರತ್ತ, ಇತಿಹಾಸದವರು ಇನ್ನೊಬ್ಬರತ್ತ ನೋಡಿದರೆ ಆಗುವುದೇ ಅಲ್ಲೂ ಆಯಿತು. ಎಲ್ಲರದೂ ಆದದ್ದು ಯಾರದೂ ಆಗಲಿಲ್ಲ. 1998ರಲ್ಲಿ ಬರ್ನಾರ್ಡ್ ಕ್ರಿಕ್ ಸಮಿತಿ ಪೌರತ್ವ ಕಡ್ಡಾಯವಾಗಬೇಕೆಂದಿತು. 2002ರಲ್ಲಿ ಅದು ಹನ್ನೊಂದರಿಂದ ಹದಿನಾರು ವಯಸ್ಸಿನ ಮಕ್ಕಳಿಗೆ ಕಡ್ಡಾಯ ವಿಷಯವಾಯಿತು. ಭಾರತದ ಶಾಲೆಗಳಿಗೆ ಪೌರನ ಪಾಠ ಕಳಿಸಿ ನೂರು ವರ್ಷ ದಾಟಿದ ಮೇಲೆ ಆ ದೇಶ ತನ್ನ ಮಕ್ಕಳಿಗೆ ಅದನ್ನು ಕಡ್ಡಾಯ ಮಾಡಿದ್ದು ವಿಚಿತ್ರವಾದರೂ ನಿಜ.

ಹೀಗೆ ಒಂದು ವಿಷಯವಾಗಿಸಿದರೆ ಉರು ಹೊಡೆಯುವ ಪಾಠ. ಎಲ್ಲದರಲ್ಲೂ ಬೆರೆಸಿದರೆ ಹೊಣೆಗಾರರಿಲ್ಲದ ಪಾಠ. ಇವೆರಡರ ನಡುವೆ ದಾರಿ ಎಲ್ಲಿದೆ?

ಅನ್ನದ ಸಾಲಿನಲ್ಲಿ

ಉತ್ತರದ ಒಂದು ಎಳೆ ಕರ್ನಾಟಕದಲ್ಲೇ ಸಿಗುತ್ತದೆ. 1990ರ ದಶಕದಲ್ಲಿ ಕುಂದಾಪುರ ತಾಲ್ಲೂಕಿನ ಕೆಲವು ಊರುಗಳಲ್ಲಿ ಮಕ್ಕಳ ಪಂಚಾಯಿತಿಗಳು ಆರಂಭವಾದವು. ಮಳೆಗಾಲದಲ್ಲಿ ಹಳ್ಳ ದಾಟಲು ಕಾಲುಸಂಕ, ಶಾಲೆಗೆ ಹೋಗುವ ದಾರಿ, ಕುಡಿಯುವ ನೀರು ಇವೇ ಮಕ್ಕಳ ವಿಷಯಗಳು. 2006ರಲ್ಲಿ ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳು 'ಮಕ್ಕಳ ಗ್ರಾಮಸಭೆ' ನಡೆಸಬೇಕೆಂದು ಸೂಚಿಸಿತು. ಪಂಚಾಯಿತಿಯ ಐದು ಕಾರ್ಯಗಳನ್ನು ಪಟ್ಟಿಮಾಡುವುದಕ್ಕೂ, ಪಂಚಾಯಿತಿ ಅಧ್ಯಕ್ಷರ ಎದುರು ಎದ್ದು ನಿಂತು ಶೌಚಾಲಯಕ್ಕೆ ಬೀಗ ಯಾಕೆ ಎಂದು ಕೇಳುವುದಕ್ಕೂ ಇರುವ ಅಂತರ ಅಗಾಧ. ಕೆಲವು ಕಡೆ ಈ ಸಭೆ ಹಾರ, ಭಾಷಣ, ಚಹಾಗಳಲ್ಲಿ ಮುಗಿಯುವುದುಂಟು. ಆದರೂ ಬಾಗಿಲು ತೆರೆದಿದೆ.

ಇನ್ನೊಂದು ಎಳೆ ಮಧ್ಯಾಹ್ನದ ಊಟ. ಶಾಲೆಗಳಲ್ಲಿ ಬಿಸಿಯೂಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್‌ನಲ್ಲಿ ಆದೇಶಿಸಿತು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾದ ಯೋಜನೆಗೆ 'ಅಕ್ಷರ ದಾಸೋಹ' ಎಂದು ಹೆಸರಿಟ್ಟರು. ಶರಣರ ಕಾಲದಿಂದ ಬಂದ 'ದಾಸೋಹ' ಎಂಬ ಮಾತಿನಲ್ಲೇ ಪಂಕ್ತಿಭೇದವಿಲ್ಲದೆ ಹಂಚಿ ಉಣ್ಣುವ ಅರ್ಥವಿದೆ. 2004ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಇನ್ನೊಂದು ಮಾತು ಸೇರಿಸಿತು: ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಪಂಗಡದವರಿಗೆ ಆದ್ಯತೆ ಕೊಡಬೇಕು.

ದಲಿತ ಮಹಿಳೆ ಬೇಯಿಸಿದ ಅನ್ನವನ್ನು ತಮ್ಮ ಮಕ್ಕಳು ಉಣ್ಣಬಾರದೆಂದು ಪೋಷಕರು ತಡೆದ, ಮಕ್ಕಳನ್ನೇ ಶಾಲೆ ಬಿಡಿಸಿದ ಸುದ್ದಿಗಳು ಆಮೇಲೂ ಹಲವು ರಾಜ್ಯಗಳಿಂದ ಬರುತ್ತಲೇ ಇವೆ. ಕರ್ನಾಟಕವೂ ಅದಕ್ಕೆ ಹೊರತಲ್ಲ. 1856ರಲ್ಲಿ ಬಾಗಿಲಲ್ಲಿ ನಿಂತಿದ್ದ ಪ್ರಶ್ನೆ ಈಗ ಅಡುಗೆಮನೆಗೆ ಬಂದಿದೆ. ಅಂಥ ಹೊತ್ತಿನಲ್ಲಿ ಮುಖ್ಯೋಪಾಧ್ಯಾಯರು ಏನು ಮಾಡುತ್ತಾರೆ? ಊರವರ ಮಾತಿಗೆ ಮಣಿದು ಅಡುಗೆಯವರನ್ನು ಬದಲಿಸುತ್ತಾರೋ, ತಾವೇ ಮೊದಲು ತಟ್ಟೆ ಹಿಡಿದು ಸಾಲಿನಲ್ಲಿ ಕೂರುತ್ತಾರೋ? ಮಕ್ಕಳು ನೋಡುತ್ತಿರುತ್ತಾರೆ.

2023ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಶಾಲಾ ಕಾಲೇಜುಗಳಲ್ಲಿ ಸಂವಿಧಾನದ ಪ್ರಸ್ತಾವನೆ ಓದುವುದನ್ನು ಕಡ್ಡಾಯಗೊಳಿಸಲು ನಿರ್ಧರಿಸಿತು. ಅದೇ ವರ್ಷದ ಸೆಪ್ಟೆಂಬರ್ 15ರಂದು ರಾಜ್ಯದಾದ್ಯಂತ ಸಾಮೂಹಿಕವಾಗಿ ಪ್ರಸ್ತಾವನೆ ಓದಲಾಯಿತು. ಸಮಾನತೆ, ಭ್ರಾತೃತ್ವ ಎಂಬ ಮಾತುಗಳು ಮಕ್ಕಳ ನಾಲಿಗೆಗೆ ರೂಢಿಯಾಗುವುದು ಒಳ್ಳೆಯದೇ. ಬೆಳಿಗ್ಗೆ ಸಾಲಿನಲ್ಲಿ ನಿಂತು ಓದಿದ ಆ ಮಾತು ಮಧ್ಯಾಹ್ನ ಊಟದ ಸಾಲಿನಲ್ಲೂ ಉಳಿದರೆ ಪಾಠ ಪೂರ್ತಿಯಾಗುತ್ತದೆ.

ಪೌರನೀತಿಯ ಪುಸ್ತಕಗಳು ಬದಲಾಗುತ್ತಲೇ ಇರುತ್ತವೆ. ಒಂದು ಸರ್ಕಾರ ಬರೆಸಿದ್ದನ್ನು ಇನ್ನೊಂದು ತೆಗೆಸುತ್ತದೆ. ಆದರೆ ಯಾರನ್ನು ಒಳಗೆ ಬಿಡುತ್ತಾರೆ, ಯಾರನ್ನು ಎಲ್ಲಿ ಕೂರಿಸುತ್ತಾರೆ, ಯಾರ ಕೈಯಿಂದ ನೀರು ಕುಡಿಯುತ್ತಾರೆ, ಯಾರ ಮಾತು ಕೇಳುತ್ತಾರೆ ಎಂಬ ಪಾಠವನ್ನು ಪ್ರತಿ ಶಾಲೆಯೂ ಪ್ರತಿ ದಿನ ಕಲಿಸುತ್ತದೆ. ಗಣಿತದ ಪಿರಿಯಡ್‌ನಲ್ಲೂ, ಆಟದ ಬಯಲಲ್ಲೂ, ನಲ್ಲಿಯ ಬಳಿಯೂ. ಧಾರವಾಡದ ಆ ಹುಡುಗನನ್ನು ಹಿಂದಕ್ಕೆ ಕಳಿಸಿದ ದಿನವೂ ಒಳಗೆ ಪಾಠ ನಡೆಯುತ್ತಲೇ ಇತ್ತು. ಒಳಗಿದ್ದ ಮಕ್ಕಳು ಅಂದು ಪುಸ್ತಕದಿಂದ ಏನು ಕಲಿತರೋ ಯಾರೂ ಬರೆದಿಟ್ಟಿಲ್ಲ. ಬಾಗಿಲಿನಿಂದ ಕಲಿತದ್ದನ್ನು ಮಾತ್ರ ಅವರು ಮರೆತಿರಲಾರರು.